ಅಂಗಡಿ ಬಿಲ್‌ನಿಂದ ಪ್ರೋಗ್ರಾಂ ಪಾಠ: ಬಿಸಿಎ, ಬಿ.ಕಾಂ ವಿದ್ಯಾರ್ಥಿಗಳು ಕಲಿಯಬೇಕಾದ್ದೇನು, ಅಂಗಡಿಯವರು ಕೇಳಬೇಕಾದ್ದೇನು? ಇಲ್ಲಿದೆ ಪೂರ್ತಿ ಮಾಹಿತಿ

2025ರ ಸೆಪ್ಟೆಂಬರ್ 22, ಸೋಮವಾರ. ನವರಾತ್ರಿಯ ಮೊದಲ ದಿನ. ಅವತ್ತೇ ದೇಶದ ಎಲ್ಲಾ ಕಡೆ ಜಿಎಸ್‌ಟಿ ದರ ಬದಲಾಯಿತು. ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚೋ ಎಣ್ಣೆ, ಬಿಸ್ಕತ್ತು 18%ನಿಂದ 5%ಗೆ ಇಳಿಯಿತು. ಬೆಣ್ಣೆ, ತುಪ್ಪ 12%ನಿಂದ 5%ಗೆ ಬಂತು. ಸಿಮೆಂಟ್ 28%ನಿಂದ 18%ಗೆ ಬಂತು. ಮಕ್ಕಳ ನೋಟ್‌ಬುಕ್, ಪೆನ್ಸಿಲ್‌ಗೆ ತೆರಿಗೆಯೇ ಇಲ್ಲವಾಯಿತು.

ಕೈಯಲ್ಲಿ ಬಿಲ್ ಬರೆಯೋ ಅಂಗಡಿಯವರು ಗೋಡೆಗೆ ಅಂಟಿಸಿದ ದರಪಟ್ಟಿ ಬದಲಾಯಿಸಿದರೆ ಸಾಕಿತ್ತು. ಕಂಪ್ಯೂಟರ್ ಬಿಲ್ ಕೊಡೋರ ಕಥೆ ಬೇರೆ. ದರವನ್ನು ಒಂದೇ ಕಡೆ ಇಟ್ಟುಕೊಂಡಿರೋ ಪ್ರೋಗ್ರಾಂನಲ್ಲಿ ಕೆಲವು ನಿಮಿಷದ ಕೆಲಸ. ಅದೇ 18% ಅನ್ನೋದನ್ನ ಪ್ರೋಗ್ರಾಂ ಒಳಗೆ ಸಿಕ್ಕ ಸಿಕ್ಕ ಕಡೆ ಬರೆದಿದ್ದರೆ, ಒಂದೊಂದನ್ನೂ ಹುಡುಕಿ ತಿದ್ದಬೇಕು. ಒಂದು ಜಾಗ ಬಿಟ್ಟುಹೋದರೂ ಗಿರಾಕಿಗೆ ತಪ್ಪು ಬಿಲ್, ಅಂಗಡಿಯವರಿಗೆ ತಪ್ಪು ರಿಟರ್ನ್.

ಈ ಎರಡು ಪ್ರೋಗ್ರಾಂಗಳ ನಡುವಿನ ವ್ಯತ್ಯಾಸಕ್ಕೆ ಒಂದು ಹೆಸರಿದೆ: ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್. ಪದವಿ ಕಾಲೇಜುಗಳಲ್ಲಿ ಬಿಸಿಎ ಮಕ್ಕಳು ಮೊದಲ ವರ್ಷವೇ ಓದೋ ವಿಷಯ ಇದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಅಂಗಡಿ, ಮಗ್ಗ, ಗೋಡೌನ್, ಡೇರಿಗಳಿಗೆ ಇದರಿಂದ ಏನು ಉಪಯೋಗ, ಇದನ್ನ ಹೇಗೆ ಕಲಿಸಿದರೆ ಮಕ್ಕಳಿಗೆ ಹತ್ತುತ್ತೆ ಅನ್ನೋದರ ವಿವರ ಇಲ್ಲಿದೆ.

ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಅಂದರೇನು?

ಸರಳವಾಗಿ ಹೇಳೋದಾದರೆ, ಎಷ್ಟೇ ದೊಡ್ಡ ಲೆಕ್ಕವನ್ನಾದರೂ ಮೂರೇ ಮೂರು ರೀತಿಯ ಹೆಜ್ಜೆಗಳಲ್ಲಿ ಬರೆಯೋದು.

1. ಒಂದಾದ ಮೇಲೆ ಒಂದು: ಸರಕು ತೂಗು, ಬೆಲೆ ನೋಡು, ಗುಣಿಸು, ಚೀಟಿಯಲ್ಲಿ ಬರೆ.
2. ಇದಾದರೆ ಹೀಗೆ, ಇಲ್ಲದಿದ್ದರೆ ಹಾಗೆ: ಗಿರಾಕಿ ಕ್ಯಾಶ್ ಕೊಟ್ಟರೆ ಗಲ್ಲಾಪೆಟ್ಟಿಗೆಗೆ, ಇಲ್ಲದಿದ್ದರೆ ಸಾಲದ ಪುಸ್ತಕಕ್ಕೆ.
3. ಮುಗಿಯೋವರೆಗೂ ಮತ್ತೆ ಮತ್ತೆ: ಗಿರಾಕಿಯ ಪಟ್ಟಿಯಲ್ಲಿ ಸಾಮಾನು ಇರೋವರೆಗೂ ಅದೇ ಕೆಲಸ.

ಇದರ ಜೊತೆಗೆ ಇನ್ನೊಂದು ನಿಯಮ. ಒಂದು ಕೆಲಸಕ್ಕೆ ಒಂದು ಭಾಗ. ತೆರಿಗೆ ಲೆಕ್ಕ ಹಾಕೋ ಭಾಗ ತೆರಿಗೆ ಲೆಕ್ಕ ಮಾತ್ರ ಹಾಕಬೇಕು. ಸ್ಟಾಕ್ ಕಳೆಯೋ ಭಾಗ ಸ್ಟಾಕ್ ಮಾತ್ರ ನೋಡಿಕೊಳ್ಳಬೇಕು. ಇದನ್ನ ಫಂಕ್ಷನ್ ಅಂತಾರೆ. ಅಂಗಡಿಯಲ್ಲಿ ತೂಕದವರು, ಕಟ್ಟೋರು, ಗಲ್ಲಾದಲ್ಲಿ ಕೂರೋರು ಬೇರೆ ಬೇರೆ ಇದ್ದ ಹಾಗೆ. ಎಲ್ಲರೂ ಎಲ್ಲದಕ್ಕೂ ಕೈ ಹಾಕಿದರೆ ಲೆಕ್ಕ ತಪ್ಪಿದಾಗ ಯಾರನ್ನ ಕೇಳೋದು?

ಇದೆಲ್ಲಾ ಎಲ್ಲಿಂದ ಬಂತು?

ಅಂಗಡಿ, ಬ್ಯಾಂಕು, ಆಫೀಸಿನ ಲೆಕ್ಕಕ್ಕೆ ಅಂತಲೇ 1959-60ರಲ್ಲಿ ಅಮೆರಿಕದಲ್ಲಿ ಕೋಬಾಲ್ ಅನ್ನೋ ಭಾಷೆ ತಯಾರಾಯಿತು. ಗ್ರೇಸ್ ಹಾಪರ್ ಅವರು ಅದಕ್ಕೂ ಮೊದಲು ಮಾಡಿದ್ದ ಕೆಲಸ ಇದಕ್ಕೆ ಬುನಾದಿ. ಆದರೆ ಆ ಕಾಲದ ಪ್ರೋಗ್ರಾಂಗಳಲ್ಲಿ 'ಗೋಟು' ಅನ್ನೋ ಆಜ್ಞೆ ಜಾಸ್ತಿ ಇತ್ತು. ಅಂದರೆ "ಇಲ್ಲಿಂದ 40ನೇ ಸಾಲಿಗೆ ಹೋಗು, ಅಲ್ಲಿಂದ 12ಕ್ಕೆ ವಾಪಸ್ ಬಾ" ಅನ್ನೋ ಥರ. ಬರೆದವರೇ ಆರು ತಿಂಗಳ ಮೇಲೆ ನೋಡಿದರೆ ಯಾವ ದಾರಿ ಎಲ್ಲಿಗೆ ಅಂತ ತಿಳೀತಿರಲಿಲ್ಲ.

1966ರಲ್ಲಿ ಇಟಲಿಯ ಕೊರಾಡೊ ಬೋಮ್ ಮತ್ತು ಜುಸೆಪ್ಪೆ ಯಾಕೊಪಿನಿ, ಮೇಲೆ ಹೇಳಿದ ಮೂರು ರೀತಿಯ ಹೆಜ್ಜೆಗಳೇ ಸಾಕು ಅನ್ನೋದನ್ನ ಗಣಿತದಿಂದ ತೋರಿಸಿಕೊಟ್ಟರು. 1968ರಲ್ಲಿ ನೆದರ್‌ಲೆಂಡ್ಸ್‌ನ ಎಡ್ಸ್ಗರ್ ಡೈಕ್‌ಸ್ಟ್ರಾ ಗೋಟು ಬಳಕೆಯನ್ನ ಖಂಡಿಸಿ ಬರೆದ ಪತ್ರ ದೊಡ್ಡ ಚರ್ಚೆ ಎಬ್ಬಿಸಿತು. ಕಲಿಸೋದಕ್ಕೇ ಅಂತ ನಿಕ್ಲಾಸ್ ವಿರ್ತ್ 1970ರಲ್ಲಿ ಪಾಸ್ಕಲ್ ಭಾಷೆ ಮಾಡಿದರು. ಈಗ ನಮ್ಮ ಮಕ್ಕಳು ಕಲಿಯೋ ಸಿ ಭಾಷೆಯನ್ನ 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದರು.

ನಮ್ಮ ಕಡೆಯ ಕೊಂಡಿಯೂ ಇದೆ. ಭಾರತದಲ್ಲಿ ಕಂಪ್ಯೂಟರ್ ಶಿಕ್ಷಣಕ್ಕೆ ತಳಪಾಯ ಹಾಕಿದವರಲ್ಲಿ ಪ್ರೊ. ವಿ. ರಾಜಾರಾಮನ್ ಮುಖ್ಯರು. ಐಐಟಿ ಕಾನ್ಪುರದಲ್ಲಿ 1965ರಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಟೆಕ್ ಶುರುವಾಗಲು ಕಾರಣರಾದರು. 1982ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದರು. ಇಂಜಿನಿಯರಿಂಗ್ ಓದದ ಪದವೀಧರರೂ ವ್ಯವಹಾರದ ಸಾಫ್ಟ್‌ವೇರ್ ಬರೆಯಲು ಕಲಿಯಲಿ ಅಂತ ಎಂಸಿಎ ಕೋರ್ಸಿನ ಯೋಜನೆ ರೂಪಿಸಿದ ಸಮಿತಿಯ ಅಧ್ಯಕ್ಷರೂ ಅವರೇ. ಬಿಸಿಎ ಅದರ ಹಿಂದೆಯೇ ಬಂದ ಕೋರ್ಸ್. 2025ರ ನವೆಂಬರ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಇನ್ನು ಎಲ್ಲರಿಗೂ ಗೊತ್ತಿರೋ ಟ್ಯಾಲಿ. ಅದು ಹುಟ್ಟಿದ್ದೇ ಒಬ್ಬ ವ್ಯಾಪಾರಿಯ ತಲೆನೋವಿನಿಂದ. ಕಾರ್ಖಾನೆ, ಜವಳಿ ಮಿಲ್ಲುಗಳಿಗೆ ಬಿಡಿಭಾಗ ಸರಬರಾಜು ಮಾಡ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದೋ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಪದವೀಧರ ಮಗ ಭರತ್ ಗೋಯೆಂಕಾಗೆ ಬರೆಯಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಲ್ಲಿ ಕಂಪನಿ ಆಯಿತು. ಇವತ್ತಿಗೂ ಟ್ಯಾಲಿಯ ಕೇಂದ್ರ ಕಚೇರಿ ಬೆಂಗಳೂರೇ. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು. ಪ್ರೋಗ್ರಾಂ ಬರೆಯೋನು ಅಂಗಡಿಯ ಲೆಕ್ಕ ಹತ್ತಿರದಿಂದ ನೋಡಿದ್ದ. ಪಾಠಕ್ಕೆ ಬೇಕಾದ್ದೂ ಅದೇ.

ಕಾಲೇಜಲ್ಲಿ ಏನಿದೆ, ಏನು ಸೇರಬೇಕು?

ಕರ್ನಾಟಕದಲ್ಲಿ 2021-22ರಿಂದ ಎನ್‌ಇಪಿ ಪ್ರಕಾರ ಪದವಿ ಪಠ್ಯ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದೇ ವರ್ಷದಿಂದ ಬಿಸಿಎ, ಬಿಬಿಎ ಕೋರ್ಸ್‌ಗಳು ಎಐಸಿಟಿಇ ವ್ಯಾಪ್ತಿಗೆ ಬಂದವು. ಪಠ್ಯ ಎಷ್ಟು ಸಲ ಬದಲಾದರೂ ಲ್ಯಾಬ್ ರೆಕಾರ್ಡ್‌ನಲ್ಲಿ ಕೆಲವು ಪ್ರೋಗ್ರಾಂ ಮಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತೆ: ಫ್ಯಾಕ್ಟೋರಿಯಲ್, ಫಿಬೊನಾಚಿ, ಅವಿಭಾಜ್ಯ ಸಂಖ್ಯೆ, ಮ್ಯಾಟ್ರಿಕ್ಸ್ ಗುಣಾಕಾರ.

ಇವು ಕೆಟ್ಟ ಅಭ್ಯಾಸಗಳೇನಲ್ಲ. ಆದರೆ ಇವುಗಳಲ್ಲಿ ದರ ಬದಲಾಗಲ್ಲ, ಗಿರಾಕಿ ಸಾಮಾನು ವಾಪಸ್ ತರಲ್ಲ, ಸ್ಟಾಕ್ ಖಾಲಿ ಆಗಲ್ಲ. 5ರ ಫ್ಯಾಕ್ಟೋರಿಯಲ್ ಯಾವತ್ತಿದ್ದರೂ 120ಯೇ. ವ್ಯವಹಾರದ ಲೆಕ್ಕ ಹಾಗಲ್ಲ. ಅದು ವರ್ಷ ವರ್ಷ ಬದಲಾಗುತ್ತೆ. ಬದಲಾವಣೆ ತಡೆದುಕೊಳ್ಳೋ ಪ್ರೋಗ್ರಾಂ ಬರೆಯೋದನ್ನ ಕಲಿಸಬೇಕಾದರೆ ಬದಲಾಗೋ ಲೆಕ್ಕವನ್ನೇ ಪಾಠಕ್ಕೆ ತಗೊಳ್ಳಬೇಕು.

ಒಂದು ಉದಾಹರಣೆ: ರೆಡಿಮೇಡ್ ಬಟ್ಟೆ ಅಂಗಡಿ ಬಿಲ್

ಈಗಿನ ನಿಯಮದ ಪ್ರಕಾರ ರೆಡಿಮೇಡ್ ಬಟ್ಟೆ ಒಂದಕ್ಕೆ 2,500 ರೂಪಾಯಿವರೆಗೆ 5%, ಅದಕ್ಕಿಂತ ಮೇಲಿದ್ದರೆ 18%. ಇದನ್ನ ಕನ್ನಡದಲ್ಲೇ ಹೀಗೆ ಬರೆಯಬಹುದು:

ಬಿಲ್ ಒಟ್ಟು = 0
ಸಾಮಾನು ಇರುವವರೆಗೆ:
— ಒಂದರ ಬೆಲೆ ಓದು, ಎಷ್ಟು ಅಂತ ಓದು
— ಒಂದರ ಬೆಲೆ 2,500 ಅಥವಾ ಕಡಿಮೆ ಆದರೆ ದರ = 5, ಇಲ್ಲದಿದ್ದರೆ ದರ = 18
— ಮೊತ್ತ = ಬೆಲೆ × ಎಷ್ಟು
— ತೆರಿಗೆ = ಮೊತ್ತ × ದರ ÷ 100
— ಬಿಲ್ ಒಟ್ಟಿಗೆ ಮೊತ್ತ ಮತ್ತು ತೆರಿಗೆ ಸೇರಿಸು
ಬಿಲ್ ಒಟ್ಟು ಅಚ್ಚು ಹಾಕು

ಮೂರು ರೀತಿಯ ಹೆಜ್ಜೆಗಳೂ ಇಲ್ಲಿವೆ. ಈಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡೋ ಎರಡು ತಪ್ಪು ನೋಡಿ.

ಮೊದಲನೇದು: "2,500 ಅಥವಾ ಕಡಿಮೆ" ಅನ್ನೋ ಬದಲು "2,500ಕ್ಕಿಂತ ಕಡಿಮೆ" ಅಂತ ಬರೆಯೋದು. ಸರಿಯಾಗಿ 2,500 ರೂಪಾಯಿಯ ಬಟ್ಟೆಗೆ ತೆರಿಗೆ 125 ರೂಪಾಯಿ ಬರಬೇಕಿತ್ತು. ಈ ಪ್ರೋಗ್ರಾಂ 450 ಹಾಕುತ್ತೆ. ಒಂದು ಚಿಹ್ನೆಯ ತಪ್ಪಿಗೆ ಗಿರಾಕಿಗೆ 325 ರೂಪಾಯಿ ನಷ್ಟ.

ಎರಡನೇದು: ಒಂದರ ಬೆಲೆ ನೋಡೋ ಬದಲು ಒಟ್ಟು ಮೊತ್ತ ನೋಡೋದು. 1,500 ರೂಪಾಯಿಯ ಎರಡು ಶರ್ಟ್ ತಗೊಂಡರೆ ಮೊತ್ತ 3,000. ಒಂದೊಂದೂ 2,500ರ ಒಳಗೇ ಇರೋದರಿಂದ ತೆರಿಗೆ 5%, ಅಂದರೆ 150. ತಪ್ಪು ಪ್ರೋಗ್ರಾಂ 3,000 ನೋಡಿ 18% ಹಾಕಿ 540 ಅನ್ನುತ್ತೆ. 390 ರೂಪಾಯಿ ವ್ಯತ್ಯಾಸ.

ಎರಡೂ ತಪ್ಪಿನಲ್ಲಿ ಕಂಪ್ಯೂಟರ್ ಎರರ್ ಅಂತ ತೋರಿಸಲ್ಲ. ಬಿಲ್ ಚೆನ್ನಾಗೇ ಅಚ್ಚಾಗುತ್ತೆ. ಅದಕ್ಕೇ 'ಓಡ್ತಾ ಇದೆ' ಅನ್ನೋದು ಬೇರೆ, 'ಸರಿ ಇದೆ' ಅನ್ನೋದು ಬೇರೆ ಅಂತ ಮೊದಲ ವಾರವೇ ಮಕ್ಕಳಿಗೆ ಗೊತ್ತಾಗಬೇಕು. 2,499, 2,500, 2,501 — ಗಡಿಯ ಈ ಮೂರು ಬೆಲೆ ಹಾಕಿ ಪರೀಕ್ಷೆ ಮಾಡೋದು ಕಲಿಸಬೇಕು.

ದರ ಕೋಷ್ಟಕದಲ್ಲಿರಲಿ, ದಿನಾಂಕವೂ ಇರಲಿ

ಮೇಲಿನ ಬಿಲ್‌ನಲ್ಲಿ ಇನ್ನೂ ಒಂದು ಕೊರತೆ ಇದೆ. 2,500, 5, 18 ಅನ್ನೋ ಅಂಕಿಗಳು ಪ್ರೋಗ್ರಾಂ ಒಳಗೇ ಕೂತಿವೆ. ಇವನ್ನ ಹೊರಗೆ ತೆಗೆದು ಒಂದು ಕೋಷ್ಟಕದಲ್ಲಿ ಇಡಬೇಕು:

1-7-2017ರಿಂದ: ಮಿತಿ 1,000 — ಮಿತಿಯವರೆಗೆ 5% — ಮೇಲೆ 12%
22-9-2025ರಿಂದ: ಮಿತಿ 2,500 — ಮಿತಿಯವರೆಗೆ 5% — ಮೇಲೆ 18%

ಗಮನಿಸಿ, ಸೆಪ್ಟೆಂಬರ್‌ನಲ್ಲಿ ದರ ಒಂದೇ ಅಲ್ಲ, ಮಿತಿಯೂ ಬದಲಾಯಿತು. ಹಾಗಾಗಿ ಎರಡೂ ಕೋಷ್ಟಕದಲ್ಲಿರಬೇಕು. ಪ್ರೋಗ್ರಾಂ ಬಿಲ್ ದಿನಾಂಕ ನೋಡಿ ಸರಿಯಾದ ಸಾಲು ಆರಿಸಿಕೊಳ್ಳುತ್ತೆ.

ಹೊಸ ದರ ಬಂದ ಮೇಲೆ ಹಳೇದು ಯಾಕೆ ಬೇಕು ಅನ್ನೋ ಪ್ರಶ್ನೆ ಬರುತ್ತೆ. 2025ರ ಆಗಸ್ಟ್‌ನಲ್ಲಿ 1,500 ರೂಪಾಯಿಯ ಶರ್ಟ್ ಮಾರಿದ್ದರೆ 12% ಸೇರಿ ಬಿಲ್ 1,680. ಅಳತೆ ಸರಿ ಇಲ್ಲ ಅಂತ ಗಿರಾಕಿ ಅಕ್ಟೋಬರ್‌ನಲ್ಲಿ ವಾಪಸ್ ತಂದರೆ ಹಳೇ ಬಿಲ್‌ನ ದರದಲ್ಲೇ ಕ್ರೆಡಿಟ್ ನೋಟ್ ಕೊಡಬೇಕು. ಹಳೇ ದರ ಅಳಿಸಿಹಾಕಿದ ಪ್ರೋಗ್ರಾಂ 5% ಹಾಕಿ 1,575 ಅನ್ನುತ್ತೆ. ಗಿರಾಕಿಗೆ 105 ರೂಪಾಯಿ ಕಮ್ಮಿ. ಕೌಂಟರ್ ಮುಂದೆ ಜಗಳ ಆಗೋಕೆ ಅಷ್ಟು ಸಾಕು.

ಪೈಸೆ ಲೆಕ್ಕದ ಬಲೆ

ದುಡ್ಡಿನ ಲೆಕ್ಕಕ್ಕೆ ಸಿ ಭಾಷೆಯ 'ಫ್ಲೋಟ್' ಬಳಸೋದು ಇನ್ನೊಂದು ಸಾಮಾನ್ಯ ತಪ್ಪು. ಕಂಪ್ಯೂಟರ್ ಒಳಗೆ ಎಲ್ಲಾ 0 ಮತ್ತು 1ರಲ್ಲಿ ಇರೋದರಿಂದ ಹತ್ತು ಪೈಸೆ, ಅಂದರೆ 0.10 ಅನ್ನೋದನ್ನ ಫ್ಲೋಟ್ ನಿಖರವಾಗಿ ಹಿಡಿಯಕ್ಕಾಗಲ್ಲ, ಹತ್ತಿರದ ಅಂಕಿ ಇಟ್ಟುಕೊಳ್ಳುತ್ತೆ. ಮೊತ್ತ 1,31,072 ರೂಪಾಯಿ ಮುಟ್ಟಿದರೆ ಸಾಮಾನ್ಯ ಫ್ಲೋಟ್‌ಗೆ ಒಂದು ಪೈಸೆಯ ವ್ಯತ್ಯಾಸವನ್ನ ಎಲ್ಲಾ ಸಲ ಸರಿಯಾಗಿ ಹಿಡಿಯಕ್ಕಾಗಲ್ಲ. ತಿಂಗಳ ಕೊನೆಯಲ್ಲಿ ಪುಸ್ತಕದ ಲೆಕ್ಕಕ್ಕೂ ಕಂಪ್ಯೂಟರ್ ಲೆಕ್ಕಕ್ಕೂ ಚಿಲ್ಲರೆ ವ್ಯತ್ಯಾಸ ಬರೋದು ಹೀಗೇ. ಕೋಬಾಲ್ ದಶಮಾಂಶದಲ್ಲೇ ಲೆಕ್ಕ ಇಡುತ್ತೆ. ಬ್ಯಾಂಕುಗಳು ಅದನ್ನ ಸುಲಭಕ್ಕೆ ಬಿಡದಿರೋಕೆ ಇದೂ ಒಂದು ಕಾರಣ.

ಪರಿಹಾರ ಸುಲಭ. ರೂಪಾಯಿಯನ್ನ ಪೈಸೆ ಮಾಡಿ ಪೂರ್ಣಾಂಕದಲ್ಲಿ ಇಡೋದು. 49.50 ರೂಪಾಯಿ ಅಂದರೆ 4950 ಪೈಸೆ. ಆದರೆ ಇಲ್ಲೂ ಒಂದು ಎಚ್ಚರ ಬೇಕು. 1987ರಲ್ಲಿ ಬಂದ ಟರ್ಬೊ ಸಿ ಈಗಲೂ ಲ್ಯಾಬ್‌ಗಳಲ್ಲಿ ಕಾಣಸಿಗುತ್ತೆ. ಅದರಲ್ಲಿ 'ಇಂಟ್' ಹಿಡಿಯೋ ದೊಡ್ಡ ಅಂಕಿ 32,767. ಪೈಸೆಯಲ್ಲಿಟ್ಟರೆ 327 ರೂಪಾಯಿ 67 ಪೈಸೆಗೇ ಮುಗೀತು! ಅದಕ್ಕಿಂತ ದೊಡ್ಡ ಬಿಲ್ ಹಾಕಿದರೆ ಮೈನಸ್ ಅಂಕಿ ಬರಬಹುದು. ಹೊಸ ಕಂಪೈಲರ್‌ನಲ್ಲಿ 'ಲಾಂಗ್ ಲಾಂಗ್' ಬಳಸಿದರೆ ಈ ತೊಂದರೆ ಇಲ್ಲ.

ರೌಂಡ್ ಆಫ್ ಕೂಡ ಹಾಗೇ. 10.40ರ ಮೂರು ಸಾಮಾನಿಗೆ ಒಂದೊಂದಕ್ಕೂ ರೌಂಡ್ ಮಾಡಿದರೆ 30. ಕೂಡಿಸಿ ಕೊನೆಗೆ ರೌಂಡ್ ಮಾಡಿದರೆ 31.20, ಅಂದರೆ 31. ಬಿಲ್ ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡಿ, ಆ ಚಿಲ್ಲರೆಯನ್ನ ಬೇರೆ ಸಾಲಲ್ಲಿ ತೋರಿಸೋದು ಒಳ್ಳೇದು.

ನಾಲ್ಕು ತಾಲೂಕು, ನಾಲ್ಕು ಲೆಕ್ಕ

ಪಾಠಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಇಲ್ಲಿ ಕೊಟ್ಟಿರೋ ಮೊತ್ತಗಳು ಅಭ್ಯಾಸಕ್ಕೆ ಮಾತ್ರ, ಮಾರುಕಟ್ಟೆ ದರ ಅಲ್ಲ.

ದೊಡ್ಡಬಳ್ಳಾಪುರ — ಮಗ್ಗದ ಕೂಲಿ: ವಾರಕ್ಕೆ 12 ಸೀರೆ, ಸೀರೆಗೆ 700 ಅಂದರೆ 8,400. ನೇಕಾರರು ತಗೊಂಡ ಮುಂಗಡದಲ್ಲಿ ವಾರಕ್ಕೆ 1,000 ಹಿಡಿಯೋ ಮಾತು ಅಂತಿಟ್ಟುಕೊಳ್ಳಿ. ಕೊನೆಯ ವಾರ ಬಾಕಿ ಇರೋದು 600 ಮಾತ್ರ ಆದರೆ? 'ಬಾಕಿ ಕಂತಿಗಿಂತ ಕಡಿಮೆ ಆದರೆ ಬಾಕಿಯಷ್ಟೇ ಹಿಡಿ' ಅನ್ನೋ ಷರತ್ತು ಬರೆಯದಿದ್ದರೆ ಪ್ರೋಗ್ರಾಂ 1,000 ಹಿಡಿದು ನೇಕಾರರ 400 ರೂಪಾಯಿ ನುಂಗುತ್ತೆ.

ದೇವನಹಳ್ಳಿ — ರೇಷ್ಮೆಗೂಡು: ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ಲಾಟ್ ಲೆಕ್ಕದಲ್ಲಿ ಹರಾಜು. 50 ಕೆ.ಜಿ. ಲಾಟ್ 600ಕ್ಕೆ, 10 ಕೆ.ಜಿ. ಲಾಟ್ 480ಕ್ಕೆ ಹೋದರೆ ಸರಾಸರಿ ಎಷ್ಟು? ಎರಡು ದರ ಕೂಡಿಸಿ ಎರಡರಿಂದ ಭಾಗಿಸಿದರೆ 540. ಅದು ತಪ್ಪು. ಒಟ್ಟು ದುಡ್ಡು 34,800, ಒಟ್ಟು ತೂಕ 60 ಕೆ.ಜಿ., ನಿಜವಾದ ಸರಾಸರಿ 580. 'ಮತ್ತೆ ಮತ್ತೆ' ಹೆಜ್ಜೆಯಲ್ಲಿ ಏನನ್ನ ಕೂಡಿಸ್ತಾ ಹೋಗಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ.

ಹೊಸಕೋಟೆ — ಗಡಿ ದಾಟೋ ಸರಕು: ಹೊಸಕೋಟೆಯ ಡೀಲರ್ ಮಾಲೂರಿನ ವ್ಯಾಪಾರಿಗೆ ಸರಕು ಕಳಿಸಿದರೆ ತೆರಿಗೆ ಎರಡು ಭಾಗ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಹೊಸೂರಿನ ವ್ಯಾಪಾರಿಗೆ ಲಾರಿಯಲ್ಲಿ ಕಳಿಸಿದರೆ ಐಜಿಎಸ್‌ಟಿ. ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ ಇರುತ್ತೆ. ಮೊದಲ ಎರಡು ಅಂಕಿ ರಾಜ್ಯದ ಕೋಡ್. ಕರ್ನಾಟಕ 29, ತಮಿಳುನಾಡು 33. ನಂತರದ ಹತ್ತು ಅಕ್ಷರ ಪ್ಯಾನ್ ನಂಬರ್. ಉದ್ದ 15 ಇದೆಯಾ ನೋಡು, ಮೊದಲೆರಡು ಅಂಕಿ ಹೋಲಿಸು, ಅದರ ಮೇಲೆ ದಾರಿ ಆರಿಸು. ಮೊದಲ ಸೆಮಿಸ್ಟರ್ ಮಕ್ಕಳೂ ಬರೆಯಬಹುದು.

ನೆಲಮಂಗಲ — ಗೋಡೌನ್: ಹೆದ್ದಾರಿ ಪಕ್ಕ, ದಾಬಸ್‌ಪೇಟೆ ಕಡೆ ಗೋಡೌನ್‌ಗಳ ಸಾಲೇ ಇದೆ. ಬಂದದ್ದು, ಹೋದದ್ದು, ವಾಪಸ್ ಬಂದದ್ದು, ಉಳಿದದ್ದು. ಇರೋದಕ್ಕಿಂತ ಜಾಸ್ತಿ ಕಳಿಸೋಕೆ ಹೊರಟರೆ ಪ್ರೋಗ್ರಾಂ ತಡೀಬೇಕು. ಸರಕಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ ನೆನಪಿಸಬೇಕು.

ನಾಲ್ಕೂ ತಾಲೂಕಿಗೆ ಹೊಂದೋ ಐದನೇ ಲೆಕ್ಕ ಹಾಲಿನ ಡೇರಿಯದ್ದು. ಬೆಳಗ್ಗೆ, ಸಾಯಂಕಾಲ ಎರಡು ಹೊತ್ತು ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರೆದು, ದರಪಟ್ಟಿ ನೋಡಿ ಬಟವಾಡೆ ಮಾಡೋದು. ದರಪಟ್ಟಿ ಅಂದರೆ ಮತ್ತೆ ಅದೇ ಕೋಷ್ಟಕ. ಹಳ್ಳಿಯಿಂದ ಬರೋ ಮಕ್ಕಳಲ್ಲಿ ಎಷ್ಟೋ ಜನ ಡೇರಿಗೆ ಹಾಲು ಹಾಕಿಯೇ ಕಾಲೇಜಿಗೆ ಬಸ್ ಹತ್ತೋರು. ಈ ಲೆಕ್ಕ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಯುಪಿಐ ನೋಟಿಸ್ ಕಲಿಸಿದ ಪಾಠ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರು ಸುತ್ತಮುತ್ತ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದರು.

ನಿಯಮ ಹೀಗಿದೆ. ಸರಕು ಮಾತ್ರ ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಹಾಲು, ತಾಜಾ ತರಕಾರಿ, ಹಣ್ಣು, ಹೂವಿನಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರೋರಿಗೆ ನೋಂದಣಿ ಬೇಕಿಲ್ಲ. ಎರಡೂ ಮಾರೋರಾದರೆ 40 ಲಕ್ಷದ ಲೆಕ್ಕದಲ್ಲಿ ತೆರಿಗೆ ಇಲ್ಲದ ಸರಕಿನ ಮಾರಾಟವೂ ಸೇರುತ್ತೆ.

ತೊಂದರೆ ಆಗಿದ್ದು ಎಲ್ಲಿ ಅಂದರೆ, ಫೋನಿಗೆ ಬಂದ ದುಡ್ಡಿನಲ್ಲಿ ಹಾಲಿನದೆಷ್ಟು, ಸಿಗರೇಟಿನದೆಷ್ಟು, ತಮ್ಮ ಕಳಿಸಿದ ಕೈಸಾಲ ಎಷ್ಟು ಅಂತ ಬಿಡಿಸಿ ತೋರಿಸೋ ಲೆಕ್ಕ ಹೆಚ್ಚಿನವರ ಹತ್ತಿರ ಇರಲಿಲ್ಲ. ಒಂದು ಸಣ್ಣ ದಿನವಹಿ ಪ್ರೋಗ್ರಾಂ ಸಾಕಿತ್ತು: ದಿನಾಂಕ, ಮೊತ್ತ, ಕ್ಯಾಶಾ ಯುಪಿಐನಾ, ತೆರಿಗೆ ಸರಕಾ ಅಲ್ವಾ, ವ್ಯಾಪಾರದ್ದಾ ಸ್ವಂತದ್ದಾ. ಐದು ಕಾಲಂ, ಒಂದು 'ಮತ್ತೆ ಮತ್ತೆ', ಎರಡು 'ಇದಾದರೆ'. ಎರಡನೇ ಸೆಮಿಸ್ಟರ್ ವಿದ್ಯಾರ್ಥಿ ಬರೆಯಬಹುದಾದ ಪ್ರೋಗ್ರಾಂ ಇದು.

ಕಲಿಸೋ ಕ್ರಮ ಹೇಗಿದ್ದರೆ ಒಳ್ಳೇದು?

- ಮೊದಲು ಅಂಗಡಿ ನೋಡಲಿ. ಒಂದು ಗಂಟೆ ಕೌಂಟರ್ ಪಕ್ಕ ನಿಂತು ಏನೇನು ನಡೆಯುತ್ತೆ ಅಂತ ಬರೆದುಕೊಳ್ಳಲಿ. ಸಾಮಾನು ವಾಪಸ್, ಸಾಲ, ಅರ್ಧ ದುಡ್ಡು ಕ್ಯಾಶ್ ಅರ್ಧ ಯುಪಿಐ, ಇವೆಲ್ಲಾ ಪುಸ್ತಕದಲ್ಲಿ ಸಿಗಲ್ಲ.
- ಆಮೇಲೆ ಹಾಳೆ ಮೇಲೆ, ಕನ್ನಡದಲ್ಲಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಮತ್ತು ತರ್ಕ ಎರಡೂ ಒಟ್ಟಿಗೆ ಭಾರ ಆಗುತ್ತೆ. ಹೆಜ್ಜೆಗಳು ಕನ್ನಡದಲ್ಲಿ ಸರಿ ಬಂದ ಮೇಲೆ ಸಿ ಅಥವಾ ಪೈಥಾನ್‌ಗೆ ಇಳಿಸೋದು ಕಷ್ಟ ಅಲ್ಲ. ಯು.ಬಿ. ಪವನಜ ಅವರು ಲೋಗೊ ಪ್ರೋಗ್ರಾಮಿಂಗ್ ಭಾಷೆಯನ್ನೇ ಕನ್ನಡಕ್ಕೆ ತಂದು, ಪ್ರೋಗ್ರಾಂ ತರ್ಕಕ್ಕೆ ಇಂಗ್ಲಿಷ್ ಕಡ್ಡಾಯ ಅಲ್ಲ ಅಂತ ತೋರಿಸಿದ್ದಾರೆ.
- ಡ್ರೈ ರನ್. ಕಂಪ್ಯೂಟರ್ ಮುಟ್ಟೋ ಮೊದಲು ಮೂರು ಬಿಲ್‌ನ ಕೈಲಿ ಲೆಕ್ಕ ಹಾಕಿ ಉತ್ತರ ಬರೆದಿಡೋದು. ಪ್ರೋಗ್ರಾಂ ಉತ್ತರ ಅದಕ್ಕೆ ತಾಳೆ ಆಗಬೇಕು.
- ಒಂದು ಫಂಕ್ಷನ್ ಒಬ್ಬರಿಗೆ. ನಾಲ್ವರ ಗುಂಪಲ್ಲಿ ಒಬ್ಬರು ತೆರಿಗೆ, ಒಬ್ಬರು ಸ್ಟಾಕ್, ಒಬ್ಬರು ಸಾಲದ ಪುಸ್ತಕ, ಒಬ್ಬರು ಅಚ್ಚು. ಸೇರಿಸಿದಾಗ ಓಡಿದರೆ ಭಾಗ ಸರಿಯಾಗಿದೆ ಅಂತ ಅರ್ಥ.
- ಕೊನೆಗೆ ದರ ಬದಲಾಯಿಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ "ನಾಳೆಯಿಂದ ದರ ಬೇರೆ, ಹತ್ತು ನಿಮಿಷದಲ್ಲಿ ತಿದ್ದಿ" ಅಂದರೆ ರೆಕಾರ್ಡ್ ಕಾಪಿ ಹೊಡೆದವರು ಯಾರು, ಬರೆದವರು ಯಾರು ಅಂತ ಅಲ್ಲೇ ಗೊತ್ತಾಗುತ್ತೆ.

ಇದಕ್ಕೆ ದುಡ್ಡು ಖರ್ಚಿಲ್ಲ. ಜಿಸಿಸಿ ಕಂಪೈಲರ್, ಪೈಥಾನ್, ಎಸ್‌ಕ್ಯುಲೈಟ್, ಲಿಬ್ರೆಆಫೀಸ್ ಎಲ್ಲಾ ಉಚಿತ. ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತವೆ.

ಅಂಗಡಿಯವರು ಕೇಳಬೇಕಾದ ಪ್ರಶ್ನೆಗಳು

ಯಾರಾದರೂ ಬಂದು "ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತೀನಿ" ಅಂದರೆ, ವಿದ್ಯಾರ್ಥಿಯಾಗಲಿ ಕಂಪನಿಯಾಗಲಿ, ಇಷ್ಟು ಕೇಳಿ:

1. ತೆರಿಗೆ ದರ ಬದಲಾದರೆ ನಾವೇ ತಿದ್ದಬಹುದಾ, ನಿಮ್ಮನ್ನ ಕರೀಬೇಕಾ?
2. ಹಳೇ ಬಿಲ್‌ನ ಸಾಮಾನು ವಾಪಸ್ ಬಂದರೆ ಹಳೇ ದರ ಹಿಡಿಯುತ್ತಾ?
3. ಬಿಲ್ ನಂಬರ್ ಸಾಲಾಗಿ ಬರುತ್ತಾ? ಒಂದು ಆರ್ಥಿಕ ವರ್ಷದಲ್ಲಿ ನಂಬರ್ ರಿಪೀಟ್ ಆಗಬಾರದು, 16 ಅಕ್ಷರ ಮೀರಬಾರದು.
4. ಹಾಕಿದ ಬಿಲ್ ಗೊತ್ತಾಗದ ಹಾಗೆ ಅಳಿಸೋಕೆ ಆಗುತ್ತಾ? ಆಗಬಾರದು. ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ ತಿದ್ದಿದ್ದರ ದಾಖಲೆ ಇಡೋ ಸಾಫ್ಟ್‌ವೇರ್ ಕಡ್ಡಾಯ.
5. ನಾವು ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದರೆ? ಆ ಸ್ಕೀಮ್‌ನವರು ಗಿರಾಕಿ ಹತ್ತಿರ ತೆರಿಗೆ ವಸೂಲಿ ಮಾಡೋ ಹಾಗಿಲ್ಲ, 'ಬಿಲ್ ಆಫ್ ಸಪ್ಲೈ' ಕೊಡಬೇಕು. ಪ್ರೋಗ್ರಾಂನಲ್ಲಿ ಆ ದಾರಿ ಇದೆಯಾ?
6. ಕರೆಂಟ್ ಹೋದರೆ ಅರ್ಧ ಹಾಕಿದ ಬಿಲ್ ಏನಾಗುತ್ತೆ?
7. ದಿನಾ ಬ್ಯಾಕಪ್ ಎಲ್ಲಿಗೆ ಹೋಗುತ್ತೆ? ಅದೇ ಕಂಪ್ಯೂಟರ್‌ನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ.
8. ನಾಳೆ ನೀವು ಊರು ಬಿಟ್ಟು ಹೋದರೆ ಬೇರೆಯವರು ಇದನ್ನ ಓದಿ ತಿದ್ದಬಹುದಾ?

ಎಂಟನೇ ಪ್ರಶ್ನೆಗೆ ಹೌದು ಅನ್ನಬೇಕಾದರೆ ಪ್ರೋಗ್ರಾಂ ಭಾಗ ಭಾಗವಾಗಿ, ಅರ್ಥವಾಗೋ ಹೆಸರುಗಳಲ್ಲಿ ಬರೆದಿರಬೇಕು. 'ಎಕ್ಸ್', 'ವೈ' ಅಂತಿದ್ದರೆ ಕಷ್ಟ. 'ತೆರಿಗೆ_ದರ', 'ಬಾಕಿ_ಮೊತ್ತ' ಅಂತಿದ್ದರೆ ಯಾರಿಗಾದರೂ ತಿಳಿಯುತ್ತೆ.

ಇದೂ ಗಮನದಲ್ಲಿರಲಿ

ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆ ಅಂತ ಹಳೇ ಬಿಲ್ ಪುಸ್ತಕ ಕೊಡೋದಾದರೆ ಗಿರಾಕಿಗಳ ಹೆಸರು, ಫೋನ್ ನಂಬರ್ ಮುಚ್ಚಿ ಜೆರಾಕ್ಸ್ ಮಾಡಿ ಕೊಡಿ. ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಹೊಸ ಪ್ರೋಗ್ರಾಂ ಶುರು ಮಾಡಿದ ಮೊದಲ ತಿಂಗಳು ಕೈಬರಹದ ಪುಸ್ತಕವನ್ನೂ ಜೊತೆಗೇ ನಡೆಸಿ, ದಿನದ ಕೊನೆಗೆ ಎರಡನ್ನೂ ತಾಳೆ ನೋಡಿ. ರಿಟರ್ನ್ ಸಲ್ಲಿಸೋ ಮೊದಲು ನಿಮ್ಮ ತೆರಿಗೆ ಸಲಹೆಗಾರರಿಗೆ ತೋರಿಸಿ. ಬಿಲ್‌ನಲ್ಲಿ ತಪ್ಪಾದರೆ ನೋಟಿಸ್ ಬರೋದು ಪ್ರೋಗ್ರಾಂ ಬರೆದವರಿಗಲ್ಲ, ಅಂಗಡಿ ಹೆಸರಿಗೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಬೆಂಗಳೂರಿನ ಕಂಪನಿ ಇಂಟರ್‌ವ್ಯೂಗೆ ಹೋದಾಗ "ಫ್ಯಾಕ್ಟೋರಿಯಲ್ ಬರುತ್ತೆ" ಅನ್ನೋರು ನೂರಾರು ಜನ ಇರ್ತಾರೆ. "ನಮ್ಮೂರ ಬಟ್ಟೆ ಅಂಗಡಿಗೆ ಬಿಲ್ಲಿಂಗ್ ಮಾಡಿದ್ದೆ, ದರ ಬದಲಾದಾಗ ಕೋಷ್ಟಕದಲ್ಲಿ ಒಂದು ಸಾಲು ಸೇರಿಸಿದೆ ಅಷ್ಟೇ" ಅನ್ನೋರು ಕಡಿಮೆ.